ಮನೆಯ ಬೆಲೆಗಿಂತ ಸಾಲವೇ ದೊಡ್ಡದು: ಎಂಟು ತಿಂಗಳಾದರೂ ಖರೀದಿಯಾಗದ ಶಹಾಪುರದ ಮನೆ

ಪ್ರಶ್ನೆ: ನಾನು, ನನ್ನ ಪತಿ ಇಬ್ಬರೂ ಬೆಳಗಾವಿಯಲ್ಲಿ ಶಿಕ್ಷಕರು. ಕಳೆದ ಜೂನ್‌ನಲ್ಲಿ ಶಹಾಪುರದ ಒಂದು ಹಳೆಯ ಮನೆಗೆ 62 ಲಕ್ಷಕ್ಕೆ ಮಾತು ಮುಗಿಸಿ, 5 ಲಕ್ಷ ಸಂಚಕಾರ ಕೊಟ್ಟು ಕರಾರು ಪತ್ರ ಮಾಡಿಕೊಂಡೆವು. ಮೂರು ತಿಂಗಳಲ್ಲಿ ಖರೀದಿ ಎಂದು ಬರೆದಿತ್ತು. ಮಾಲಕರಿಗೆ ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ಇದೆ. ಮನೆ ಸಾಲ 33 ಲಕ್ಷ ಮಾತ್ರ ಬಾಕಿ ಎಂದಿದ್ದರು. ಆಮೇಲೆ ತಿಳಿಯಿತು, ಫೌಂಡ್ರಿಯ ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ವ್ಯಾಪಾರದ ದಿನನಿತ್ಯದ ಖರ್ಚಿನ) ಸಾಲಕ್ಕೂ ಇದೇ ಮನೆ ಅಡವಿದೆ, ಎರಡೂ ಸೇರಿ ಬಾಕಿ 71 ಲಕ್ಷ. ಪುಣೆಯಲ್ಲಿರುವ ಅವರ ತಮ್ಮ ಜಾಮೀನುದಾರ. ‘ಒನ್ ಟೈಮ್ ಸೆಟಲ್‌ಮೆಂಟ್‌ಗೆ (ಒಂದಿಷ್ಟು ಕಟ್ಟಿ ಉಳಿದ ಸಾಲ ಬಿಡಿಸಿಕೊಳ್ಳುವ ರಾಜಿಗೆ) ಅರ್ಜಿ ಕೊಟ್ಟಿದ್ದೇನೆ, ಇವತ್ತು ನಾಳೆ ಆಗುತ್ತದೆ’ ಎಂದು ಅಕ್ಟೋಬರ್‌ನಿಂದ ಹೇಳುತ್ತಿದ್ದಾರೆ. ಬ್ಯಾಂಕಿಗೆ ಹೋದರೆ ನಮ್ಮೊಡನೆ ಯಾರೂ ಮಾತಾಡುವುದಿಲ್ಲ. ಬೇರೊಂದು ಬ್ಯಾಂಕು ನಮಗೆ ಮಂಜೂರು ಮಾಡಿದ್ದ 48 ಲಕ್ಷದ ಸಾಲದ ಅವಧಿ ಡಿಸೆಂಬರ್‌ಗೆ ಮುಗಿದಿದೆ. ಈಗ ಮಾಲಕರು ‘ಇನ್ನೂ 3 ಲಕ್ಷ ಕೊಡಿ, ಬೇಕಾದರೆ ಯುಗಾದಿಗೆ ಬಂದು ಮೇಲಿನ ಮಹಡಿಯಲ್ಲಿ ಇರಿ’ ಅನ್ನುತ್ತಿದ್ದಾರೆ. ಕಾಯಬೇಕೋ, ಬಿಡಬೇಕೋ?

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. 3 ಲಕ್ಷ ಕೊಡಬೇಡಿ. ಮೇಲಿನ ಮಹಡಿಗೂ ಹೋಗಬೇಡಿ. ಇನ್ನು ಏಳೆಂಟು ವಾರ ಕಾಯಬಹುದು, ಆದರೆ ಈಗ ಕಾಯುತ್ತಿರುವ ರೀತಿಯಲ್ಲಿ ಕಾದರೆ ಮುಂದಿನ ದೀಪಾವಳಿಗೂ ಇದೇ ಪ್ರಶ್ನೆ ಬರೆಯುತ್ತೀರಿ.

ನಾನು ಬ್ಯಾಂಕಿನ ವಸೂಲಿ ವಿಭಾಗದಲ್ಲಿ ಬಹಳ ವರ್ಷ ಇದ್ದವನು. ನೀವು ಕಾಯುತ್ತ ಕೂತಿರುವ ಮೇಜಿನ ಆಚೆ ಬದಿಯಲ್ಲಿ ಕೂತಿದ್ದವನು. ಅಲ್ಲಿಂದ ನೋಡಿದರೆ ನಿಮ್ಮ ವ್ಯವಹಾರ ಬೇರೆಯೇ ಕಾಣುತ್ತದೆ. ಕರಾರು ಪತ್ರದಲ್ಲಿ ಸಹಿ ಎರಡು, ಮನೆಯ ಕಾಗದಪತ್ರ ಮಾತ್ರ ಮೂರನೆಯವರ ತಿಜೋರಿಯಲ್ಲಿ. ಆ ಮೂರನೆಯವರಿಗೆ ಈ ವ್ಯಾಪಾರದಲ್ಲಿ ಲಾಭವಿಲ್ಲ, ನಷ್ಟ ಎಷ್ಟು ಎಂಬುದಷ್ಟೇ ಪ್ರಶ್ನೆ. ನಷ್ಟಕ್ಕೆ ಸಹಿ ಹಾಕುವುದರಲ್ಲಿ ಯಾವ ಆಫೀಸೂ ಚುರುಕಾಗಿರುವುದಿಲ್ಲ.

ಆಸ್ತಿಯ ಬೆಲೆಗಿಂತ ಅದರ ಮೇಲಿನ ಸಾಲ ಹೆಚ್ಚಾಗುವುದಕ್ಕೆ ನೆಗೆಟಿವ್ ಇಕ್ವಿಟಿ ಎನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಮನೆಗಳ ಬೆಲೆ ಬಿದ್ದಾಗ ಈ ಪದ ಅಲ್ಲಿ ಮನೆಮಾತಾಯಿತು. 2007ರ ನಂತರ ಐರ್ಲೆಂಡಿನಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, ಸಾಲ ಮಾತ್ರ ಹಾಗೇ ನಿಂತಿತು. 2008ರ ಕುಸಿತದ ನಂತರ ಅಮೆರಿಕದಲ್ಲಿ ಬಾಕಿಗಿಂತ ಕಡಿಮೆಗೆ ಮನೆ ಮಾರಲು ಬ್ಯಾಂಕು ಒಪ್ಪುವುದಕ್ಕೆ ‘ಶಾರ್ಟ್ ಸೇಲ್’ ಎಂಬ ಹೆಸರಿತ್ತು. ಹೆಸರಷ್ಟೇ ಶಾರ್ಟ್, ಒಪ್ಪಿಗೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ನಮ್ಮ ಬೆಳಗಾವಿಯಲ್ಲಿ ಬೆಲೆ ಬಿದ್ದು ಹೀಗಾಗುವುದು ಕಡಿಮೆ. ಇಲ್ಲಿ ಬೆಲೆ ತನ್ನ ಪಾಡಿಗೆ ಇರುತ್ತದೆ, ಸಾಲ ಪಕ್ಕದ ಬಾಗಿಲಿಂದ ಒಳಗೆ ಬರುತ್ತದೆ. ಫೌಂಡ್ರಿಗೆ ಸಿಸಿ, ಮಗ್ಗಕ್ಕೆ ಟರ್ಮ್ ಲೋನ್, ಲಾರಿಗೆ ಜಾಮೀನು, ಎಲ್ಲದಕ್ಕೂ ಅದೇ ಮನೆಯ ಕಾಗದ.

ನಿಮಗೆ ಇದು ತಡವಾಗಿ ತಿಳಿಯಿತು ಎನ್ನುತ್ತೀರಿ. ಜೂನ್‌ನಲ್ಲಿ ತೆಗೆಸಿದ ಋಣಭಾರ ಪತ್ರವನ್ನು ಮತ್ತೊಮ್ಮೆ ಬಿಚ್ಚಿ ನೋಡಿ. ಹಕ್ಕುಪತ್ರಗಳ ಠೇವಣಿ (ಮೂಲಪತ್ರ ಬ್ಯಾಂಕಿಗಿಟ್ಟು ಮಾಡಿದ ಅಡಮಾನ) ಎಂಬ ನಮೂದು ಎರಡು ಸಲ ಬಂದಿದೆಯೇ? ಬ್ಯಾಂಕಿನ ಹೆಸರು ಎರಡರಲ್ಲೂ ಒಂದೇ ಆದ್ದರಿಂದ ಬಹಳ ಜನ ಎರಡನೆಯದನ್ನು ಮೊದಲಿನದರ ನಕಲು ಎಂದುಕೊಂಡು ದಾಟಿಬಿಡುತ್ತಾರೆ. ದಿನಾಂಕ ಬೇರೆ, ಮೊತ್ತ ಬೇರೆ ಇದ್ದರೆ ಅದು ಬೇರೆ ಸಾಲ. ಸಿಟಿ ಸರ್ವೆ ಉತಾರದಲ್ಲೂ ಬೋಜಾ (ಸಾಲದ ಹೊರೆಯ ನಮೂದು) ಎಷ್ಟು ಸಲ ಬಿದ್ದಿದೆ ನೋಡಿ. ನೋಂದಣಿಯಾಗದ ಅಡಮಾನ ಋಣಭಾರ ಪತ್ರದಲ್ಲಿ ಬರುವುದೇ ಇಲ್ಲ, ಆದ್ದರಿಂದ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಆಸ್ತಿಯನ್ನು ಹುಡುಕಿಸಿ. ಬ್ಯಾಂಕುಗಳ ಅಡಮಾನ ದಾಖಲಾಗುವ ಈ ಕೇಂದ್ರ ನೋಂದಣಿ 2011ರಿಂದ ನಡೆಯುತ್ತಿದೆ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಪತ್ರದಲ್ಲಿ ಕೊರತೆ 9 ಲಕ್ಷ ಎಂಬ ಭಾವನೆ ಇದೆ.

ಬಾಕಿ 71 ಲಕ್ಷ, ಬೆಲೆ 62 ಲಕ್ಷ. ಆದರೆ ನೀವು ಕೊಟ್ಟ 5 ಲಕ್ಷ ಬ್ಯಾಂಕಿಗೆ ಹೋಗಿದೆಯೇ? ಹೋಗಿರಲಾರದು. ಫೌಂಡ್ರಿಯ ಪಗಾರಕ್ಕೋ, ಕಚ್ಚಾ ಮಾಲಿನವನ ಬಾಕಿಗೋ ಕರಗಿಹೋಗಿರುತ್ತದೆ. ಹಾಗಾದರೆ ನೀವು ಇನ್ನು ಕೊಡಬೇಕಾದದ್ದು 57 ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ರಷ್ಟನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಎಂದು ಹಿಡಿದು ಮಾಲಕರ ಪ್ಯಾನ್ ಹೆಸರಿಗೆ ಸರಕಾರಕ್ಕೆ ಕಟ್ಟಬೇಕು. ಅದು ಪೂರ್ತಿ ಬೆಲೆಯ ಮೇಲೆ, ಅಂದರೆ 62 ಸಾವಿರ. ಬ್ಯಾಂಕಿಗೆ ನಿಜವಾಗಿ ಬೀಳುವುದು 56 ಲಕ್ಷ 38 ಸಾವಿರ. ಕೊರತೆ 9 ಲಕ್ಷವಲ್ಲ, 14 ಲಕ್ಷ 62 ಸಾವಿರ.

ನಮ್ಮ ಕಡೆ ಮುಂಗಡಕ್ಕೆ ಸಂಚಕಾರ ಎನ್ನುತ್ತೇವೆ. ಆಪತ್ತು ಎಂಬ ಅರ್ಥವೂ ಅದೇ ಪದಕ್ಕೆ ಇದೆ. ನಿಮ್ಮ ವಿಷಯದಲ್ಲಿ ಎರಡೂ ಅರ್ಥ ಕೂಡಿ ಬಂದಿವೆ.

ಇದರ ಜೊತೆಗೆ ಬೆಲೆ ನಿಂತಿದೆ, ಸಾಲ ಓಡುತ್ತಿದೆ. ಮನೆ ಸಾಲದ 33 ಲಕ್ಷಕ್ಕೆ ಶೇ 8.75, ಸಿಸಿಯ 38 ಲಕ್ಷಕ್ಕೆ ಶೇ 11.5 ಎಂದು ಹಿಡಿದುಕೊಳ್ಳಿ. ಕಟ್ಟುವುದು ನಿಂತಿದ್ದರೆ ದಿನಕ್ಕೆ ಹತ್ತಿರ ಹತ್ತಿರ 2 ಸಾವಿರ ರೂಪಾಯಿ ಬಡ್ಡಿ. ಎಂಟು ತಿಂಗಳಿಗೆ ನಾಲ್ಕೂಮುಕ್ಕಾಲು ಲಕ್ಷ. ಜೂನ್‌ನಲ್ಲೇ ನಿಮ್ಮ 5 ಲಕ್ಷ ನೇರ ಸಾಲದ ಖಾತೆಗೆ ಬಿದ್ದಿದ್ದರೆ ಕೊರತೆ ಐದು ಲಕ್ಷದ ಆಸುಪಾಸು ಇರುತ್ತಿತ್ತು, ಅಷ್ಟನ್ನು ಬಂಗಾರ ಅಡವಿಟ್ಟೋ ತಮ್ಮನ ಕೈಯಿಂದಲೋ ಹೊಂದಿಸಬಹುದಿತ್ತು. ತಡ ಎಂಬುದು ಇಂಥ ಮನೆಯಲ್ಲಿ ಬರೀ ಬೇಸರದ ವಿಷಯವಲ್ಲ, ಹಳ್ಳವನ್ನು ದಿನಾ ತೋಡುವ ಗುದ್ದಲಿ. ನಿಮ್ಮ ಜೇಬಿಗೂ ಅದು ಬಿದ್ದಿದೆ: 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿಸಿ 62 ಲಕ್ಷಕ್ಕೆ ಮೊದಲು 4,09,200 ರೂಪಾಯಿ ಆಗುತ್ತಿದ್ದದ್ದು ಈಗ 4,71,200.

71 ಲಕ್ಷ ಎಂಬ ಅಂಕಿಯನ್ನೂ ಪೂರ್ತಿ ನಂಬಬೇಡಿ. ಖಾತೆ ಎನ್‌ಪಿಎ (ಕಟ್ಟುವುದು ನಿಂತ ಕೆಟ್ಟ ಸಾಲ) ಆದಮೇಲೆ ಬ್ಯಾಂಕು ಬಡ್ಡಿಯನ್ನು ಖಾತೆಗೆ ಹಾಕುವುದು ನಿಲ್ಲಿಸಿ ಬೇರೆಡೆ ಬರೆದಿಡುತ್ತದೆ. ಶಾಖೆಯ ಪರದೆ ಮೇಲೆ ಕಾಣುವ ಬಾಕಿಯಲ್ಲಿ ಅದು ಇರುವುದಿಲ್ಲ, ವಸೂಲಿಗೆ ಕೂತಾಗ ಮಾತ್ರ ಎದ್ದು ಬರುತ್ತದೆ. ಮಾಲಕರು ‘ಮನೆ ಸಾಲದ ಕಂತು ಒಂದೂ ತಪ್ಪಿಲ್ಲ’ ಎಂದರೂ ಪ್ರಯೋಜನವಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಎನ್‌ಪಿಎ ವರ್ಗೀಕರಣ ಸಾಲಗಾರನಿಗೆ, ಖಾತೆಗಲ್ಲ. ಸಿಸಿ ಖಾತೆ 90 ದಿನ ಕೆಟ್ಟಿತೆಂದರೆ ಅದೇ ವ್ಯಕ್ತಿಯ ಮನೆ ಸಾಲವೂ ಅದರ ಹಿಂದೆ ಹೋಗುತ್ತದೆ.

ಅಕ್ಟೋಬರ್‌ನಿಂದ ಅರ್ಜಿ ಏಕೆ ಅಲುಗಿಲ್ಲ ಎಂಬುದಕ್ಕೆ ಕಾರಣಗಳು ಬಹಳ ಸರಳ. ಮೊದಲನೆಯದು, ಅದು ಬರಿಗೈ ಅರ್ಜಿ ಇರಬೇಕು. ಸೆಟಲ್‌ಮೆಂಟ್ ಕೇಳುವವರು ಸಾಮಾನ್ಯವಾಗಿ ಪ್ರಸ್ತಾವದ ಮೊತ್ತದಲ್ಲಿ ಒಂದು ಪಾಲನ್ನು ‘ನೋ ಲೀನ್’ (ಒಪ್ಪಿಗೆಯಾಗುವವರೆಗೆ ಬ್ಯಾಂಕು ಮುಟ್ಟದ) ಖಾತೆಯಲ್ಲಿ ಇಟ್ಟು ಅರ್ಜಿ ಕೊಡುತ್ತಾರೆ. ಒಪ್ಪಿದರೆ ಬ್ಯಾಂಕು ಅದನ್ನು ಸಾಲಕ್ಕೆ ಜಮೆ ಮಾಡಿಕೊಳ್ಳುತ್ತದೆ, ಒಪ್ಪದಿದ್ದರೆ ಹಿಂದಿರುಗಿಸುತ್ತದೆ. ದುಡ್ಡಿಲ್ಲದ ಅರ್ಜಿ ನಮ್ಮ ವಿಭಾಗದಲ್ಲಿ ಕಡತದ ಅಡಿಗೆ ಹೋಗುತ್ತಿತ್ತು, ಸುಳ್ಳೇಕೆ ಹೇಳಲಿ. ಎರಡನೆಯದು, ಇದು ಬೆಳಗಾವಿಯ ಶಾಖೆ ತೀರ್ಮಾನಿಸುವ ವಿಷಯವೇ ಅಲ್ಲ. ರಾಜಿ ತೀರುವಳಿಗಳ ಬಗ್ಗೆ ರಿಸರ್ವ್ ಬ್ಯಾಂಕು 2023ರ ಜೂನ್ 8ರಂದು ಹೊರಡಿಸಿದ ಚೌಕಟ್ಟಿನ ಪ್ರಕಾರ, ಸಾಲ ಮಂಜೂರು ಮಾಡಿದ ಅಧಿಕಾರಿಗಿಂತ ಕನಿಷ್ಠ ಒಂದು ಹಂತ ಮೇಲಿನವರೇ ರಾಜಿಗೆ ಒಪ್ಪಬೇಕು, ಮಂಜೂರಾತಿಯಲ್ಲಿ ಪಾಲ್ಗೊಂಡವರು ಒಪ್ಪಿಗೆಯಲ್ಲಿ ಇರಕೂಡದು. ಕಡತ ಊರು ಬಿಟ್ಟು ಹೋಗಲೇಬೇಕು. ಹೋದಲ್ಲೆಲ್ಲ ಒಂದೊಂದು ಪ್ರಶ್ನೆ ಹಚ್ಚಿಕೊಂಡು ವಾಪಸ್ ಬರುತ್ತದೆ: ವ್ಯಾಲ್ಯುವೇಶನ್ ಹಳೆಯದಾಯಿತು, ಜಾಮೀನುದಾರನ ಸಹಿ ಇಲ್ಲ, ಬೆಲೆ ಇಷ್ಟು ಕಡಿಮೆ ಏಕೆ, ಕೊಳ್ಳುವವರು ಸಂಬಂಧಿಕರಲ್ಲವಷ್ಟೆ?

ಈ ಕೊನೆಯ ಎರಡು ಪ್ರಶ್ನೆ ನಿಮ್ಮ ಮೇಲಿನ ಅನುಮಾನ ಎಂದು ಸಿಟ್ಟಾಗಬೇಡಿ. ಭಾವನ ಹೆಸರಲ್ಲಿ ಅಗ್ಗಕ್ಕೆ ಬರೆಸಿ, ಬ್ಯಾಂಕಿಗೆ ನಾಮ ಹಾಕಿ, ಆರು ತಿಂಗಳ ಮೇಲೆ ಮತ್ತೆ ತಮ್ಮ ಹೆಸರಿಗೆ ಮಾಡಿಕೊಂಡವರನ್ನು ವಸೂಲಿಯವರು ಕಂಡಿರುತ್ತಾರೆ. ಇದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ನಿಮಗೆ ಸಾಲ ಮಂಜೂರು ಮಾಡಿದ ಬ್ಯಾಂಕು ಜೂನ್‌ನಲ್ಲಿ ಮನೆಯ ಮೌಲ್ಯಮಾಪನ ಮಾಡಿಸಿರುತ್ತದೆ. ಆ ವರದಿಯ ಪ್ರತಿ ಸಿಕ್ಕರೆ ಅರ್ಜಿಗೆ ಲಗತ್ತಿಸಿ. ಬೇರೆ ಬ್ಯಾಂಕಿನ ಮೌಲ್ಯಮಾಪಕ ಹೇಳಿದ ಅಂಕಿಗೆ ಸಿಗುವ ಬೆಲೆ ನಿಮ್ಮ ಹತ್ತು ಮಾತಿಗೆ ಸಿಗುವುದಿಲ್ಲ. ಮತ್ತು ಮಾಲಕರು ‘ಕಾಗದದಲ್ಲಿ 56 ತೋರಿಸಿ, 6 ಕೈಯಲ್ಲಿ ಕೊಡಿ’ ಎಂದು ಎಂದಾದರೂ ಅಂದರೆ ಅಲ್ಲಿಗೇ ಎದ್ದು ಬನ್ನಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚು ನಗದು ಪಡೆದವನಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ಅಷ್ಟೇ ಮೊತ್ತದ ದಂಡ ಇದೆ, ಅದು ಒಂದು ಮಾತು. ಬ್ಯಾಂಕಿಗೆ ಸೇರಬೇಕಾದ ದುಡ್ಡನ್ನು ಬಚ್ಚಿಡಲು ನೀವು ಕೈ ಜೋಡಿಸಿದಂತಾಗುತ್ತದೆ, ಅದು ದೊಡ್ಡ ಮಾತು.

ಬ್ಯಾಂಕು ನಿಮ್ಮೊಡನೆ ಮಾತಾಡದಿರುವುದು ದರ್ಪವಲ್ಲ. ಗ್ರಾಹಕನ ಖಾತೆಯ ವಿವರ ಮೂರನೆಯವರಿಗೆ ಹೇಳುವಂತಿಲ್ಲ. ಮಾಲಕರು, ಅವರ ತಮ್ಮ ಇಬ್ಬರೂ ಸಹಿ ಹಾಕಿ ‘ಈ ಖರೀದಿದಾರರಿಗೆ ನಮ್ಮ ಎರಡೂ ಖಾತೆಯ ಬಾಕಿ ತಿಳಿಸಿ, ಪತ್ರವ್ಯವಹಾರಕ್ಕೆ ಅವರಿಗೂ ಪ್ರತಿ ಕೊಡಿ’ ಎಂದು ಒಂದು ಹಾಳೆ ಬರೆದುಕೊಟ್ಟರೆ ಬಾಗಿಲು ತೆರೆಯುತ್ತದೆ. ಎಂಟು ತಿಂಗಳಲ್ಲಿ ಆ ಹಾಳೆ ಹುಟ್ಟಿಲ್ಲ ಎಂಬುದೇ ನನಗೆ ಈ ಪ್ರಕರಣದಲ್ಲಿ ಚುಚ್ಚುವ ಸಂಗತಿ. ಈ ವಾರವೇ ಕೇಳಿ. ತಮ್ಮ ಪುಣೆಯಿಂದ ಒಂದು ರಾತ್ರಿ ಬಸ್ಸು ಹತ್ತಿ ಬರಲಾರ ಎಂದರೆ ಅವನಿಗೆ ಈ ಮಾರಾಟದ ಸುದ್ದಿಯೇ ಗೊತ್ತಿಲ್ಲದಿರಬಹುದು.

ಇನ್ನು ನನ್ನ ಮುಖ್ಯ ಸಲಹೆ. ಮಾಲಕರು ಕೇಳುತ್ತಿರುವುದೇ ತಪ್ಪು. ಸೆಟಲ್‌ಮೆಂಟ್ ಎಂದರೆ ಬ್ಯಾಂಕು ಉಳಿದ ಸಾಲ ಬಿಟ್ಟುಕೊಡಬೇಕು. ಫೌಂಡ್ರಿ ನಡೆಯುತ್ತಿದೆ, ಯಂತ್ರಗಳಿವೆ, ಪುಣೆಯಲ್ಲಿ ಸಂಬಳದ ಜಾಮೀನುದಾರ ಇದ್ದಾನೆ ಎಂದಾದರೆ ಯಾವ ಸಮಿತಿ ಬಿಟ್ಟುಕೊಟ್ಟೀತು? ಬಿಟ್ಟರೆ ನಾಳೆ ವಿಜಿಲೆನ್ಸ್‌ನವರು ಕೇಳುವ ಪ್ರಶ್ನೆಗೆ ಸಹಿ ಹಾಕಿದವನೇ ಉತ್ತರ ಹುಡುಕಬೇಕು. ಅದರ ಬದಲು ಕೇಳಬೇಕಾದದ್ದು ಈ ಮನೆಯೊಂದನ್ನು ಅಡಮಾನದಿಂದ ಬಿಡುಗಡೆ ಮಾಡಿ ಎಂದು. ಮಾರಾಟದ ದುಡ್ಡು ಅಷ್ಟೂ ಬ್ಯಾಂಕಿಗೆ, ಉಳಿದ 14 ಚಿಲ್ಲರೆ ಲಕ್ಷ ಯಂತ್ರ ಮತ್ತು ಜಾಮೀನಿನ ಮೇಲೆ ಕಂತಿನ ಸಾಲವಾಗಿ ಮುಂದುವರಿಯಲಿ. ಇದರಲ್ಲೂ ಮೇಲಿನ ಆಫೀಸಿನ ಒಪ್ಪಿಗೆ ಬೇಕು, ಆದರೆ ಯಾರೂ ನಷ್ಟ ಬರೆಯಬೇಕಾಗಿಲ್ಲ. ನನ್ನ ಅನುಭವದಲ್ಲಿ ಈ ಎರಡು ಅರ್ಜಿಗಳ ನಡಿಗೆಯಲ್ಲಿ ಎತ್ತಿನ ಗಾಡಿಗೂ ಬಸ್ಸಿಗೂ ಇರುವಷ್ಟು ಅಂತರ. ಮಾಲಕರಿಗೂ ಒಳಿತು, ಸಿಬಿಲ್‌ನ ಸಾಲ ಚರಿತ್ರೆಯಲ್ಲಿ ‘ಸೆಟಲ್ಡ್’ ಎಂಬ ಮಚ್ಚೆ ಬೀಳುವುದಿಲ್ಲ. ಈಗ ಫೆಬ್ರುವರಿ. ಮಾರ್ಚ್ ಕೊನೆಗೆ ಎನ್‌ಪಿಎ ಲೆಕ್ಕ ಇಳಿಸಲು ಎಲ್ಲ ಬ್ಯಾಂಕುಗಳೂ ತುದಿಗಾಲ ಮೇಲೆ ನಿಂತಿರುತ್ತವೆ. ಏಪ್ರಿಲ್‌ನಲ್ಲಿ ಅದೇ ಆಫೀಸಿಗೆ ಹೋದರೆ ಹೊಸ ಅಧಿಕಾರಿ ವರ್ಗವಾಗಿ ಬಂದು ಕಡತವನ್ನು ಮೊದಲಿನಿಂದ ಓದುತ್ತಿರುತ್ತಾರೆ.

ನಿಮ್ಮ ಸಾಲಕ್ಕೂ ಮಾಲಕರ ಬ್ಯಾಂಕಿಗೇ ಅರ್ಜಿ ಹಾಕಿ. ಇದನ್ನು ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಒಂದು ಕೆಟ್ಟ ಸಾಲ ಹೋಗಿ, ಇಬ್ಬರು ಶಿಕ್ಷಕರ ಸಂಬಳದ ಒಂದು ಒಳ್ಳೆಯ ಸಾಲ ಬರುತ್ತದೆ ಎಂದರೆ ಶಾಖೆಗೂ ಹುರುಪು. ಕಾಗದಪತ್ರ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುವ ರಗಳೆಯೂ ತಪ್ಪುತ್ತದೆ. ಇಲ್ಲವಾದರೆ ನಿಮ್ಮ ಬ್ಯಾಂಕು ‘ಮೊದಲು ಮೂಲಪತ್ರ ತನ್ನಿ’ ಅನ್ನುತ್ತದೆ, ಅವರ ಬ್ಯಾಂಕು ‘ಮೊದಲು ದುಡ್ಡು ತನ್ನಿ’ ಅನ್ನುತ್ತದೆ. 30ರಿಂದ 75 ಲಕ್ಷದ ಸಾಲಕ್ಕೆ ಮನೆ ಬೆಲೆಯ ಶೇ 80 ಮಿತಿ, ಅಂದರೆ 49.6 ಲಕ್ಷ, ನಿಮ್ಮ 48 ಅದರೊಳಗೇ ಇದೆ.

ಟಿಡಿಎಸ್ ಬಗ್ಗೆ ಮೇಲೆ ಒಂದು ಸಾಲು ಹೇಳಿ ಬಿಟ್ಟೆ. ಅದರ ಕಥೆ ಹೇಳಲೇಬೇಕು. ನಿಮ್ಮ ಪಕ್ಕದ ವಡಗಾವಿಯಲ್ಲಿ ಪವರ್‌ಲೂಮ್ ಇಟ್ಟಿದ್ದ ಒಬ್ಬರ ಮನೆ, 54 ಲಕ್ಷಕ್ಕೆ ಮಾರಾಟ, ತೀರುವಳಿಗೆ ಒಪ್ಪಿಗೆಯೂ ಬಂದಿತ್ತು. ಒಪ್ಪಿಗೆ ಪತ್ರದಲ್ಲಿ ‘54,00,000 ರೂಪಾಯಿ ಜಮೆಯಾದ ಮೇಲೆ ದಾಖಲೆ ಬಿಡುಗಡೆ’ ಎಂದು ಟೈಪಾಗಿತ್ತು. ನೋಂದಣಿಗೆ ಮುಂಚಿನ ಸಂಜೆ ಕೊಳ್ಳುವವರು 53,46,000ರ ಡಿಡಿ ತಂದರು, 54 ಸಾವಿರ ಸರಕಾರಕ್ಕೆ ಕಟ್ಟಿದ ಚಲನ್ ಜೊತೆಗೆ. ಕಾನೂನಿನ ಪ್ರಕಾರ ಅವರು ಮಾಡಿದ್ದು ಸರಿ. ನಮ್ಮ ಕಂಪ್ಯೂಟರಿಗೆ ಮಾತ್ರ 54 ಸಾವಿರ ಕಡಿಮೆ. ಆ ನೇಕಾರರ ಹತ್ತಿರ 54 ಸಾವಿರ ಇರಲಿಲ್ಲ, ಇದ್ದಿದ್ದರೆ ಮನೆ ಏಕೆ ಮಾರುತ್ತಿದ್ದರು. ಪ್ರಾದೇಶಿಕ ಕಚೇರಿಗೆ ಮತ್ತೆ ಕಡತ, ಮತ್ತೆ ಟಿಪ್ಪಣಿ. ಹತ್ತೊಂಬತ್ತು ದಿನ. ಕೊನೆಗೆ ಅವರ ಹೆಂಡತಿ ಎರಡು ಬಳೆ ಅಡವಿಟ್ಟು ದುಡ್ಡು ತಂದರು. ಅಡವಿಟ್ಟದ್ದು ನಮ್ಮದೇ ಶಾಖೆಯ ಚಿನ್ನದ ಸಾಲದ ಕೌಂಟರಿನಲ್ಲಿ. ಆ ಹೊತ್ತು ನಾನು ಯಾವುದೋ ಕಡತ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಅದಕ್ಕೇ ನಿಮಗೆ ಹೇಳುವುದು: ಬ್ಯಾಂಕಿನ ಒಪ್ಪಿಗೆ ಪತ್ರದಲ್ಲಿ ‘ಟಿಡಿಎಸ್ ಕಳೆದು’ ಎಂಬ ಮಾತು ಬರುವಂತೆ ಅರ್ಜಿಯಲ್ಲೇ ಲೆಕ್ಕ ಬರೆದುಕೊಡಿ. ಮಾಲಕರ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಇವತ್ತೇ ನೋಡಿ. ನಿಷ್ಕ್ರಿಯ ಪ್ಯಾನ್ ಆಗಿದ್ದರೆ ಶೇ 1 ಅಲ್ಲ, ಶೇ 20 ಹಿಡಿಯಬೇಕಾಗುತ್ತದೆ, ಅಂದರೆ 12.4 ಲಕ್ಷ. ಅಲ್ಲಿಗೆ ವ್ಯವಹಾರ ಮುಗಿಯಿತು.

ಮಾಲಕರ ಬಗ್ಗೆಯೂ ಒಂದು ಮಾತು, ನೀವು ಅವರನ್ನು ಸುಳ್ಳುಗಾರ ಎಂದು ಬರೆದಿಲ್ಲವಾದರೂ ಪತ್ರದ ಧಾಟಿ ಹಾಗಿದೆ. ಈ ಮಾರಾಟದಿಂದ ಅವರ ಕೈಗೆ ಬರುವುದು ಸೊನ್ನೆ. ಮನೆ ಹೋಗುತ್ತದೆ, ಸಾಲ ಉಳಿಯುತ್ತದೆ, ಕೈಗೆ ಒಂದು ಪೈಸೆ ಬರದಿದ್ದರೂ ಬಂಡವಾಳ ಲಾಭದ ತೆರಿಗೆ ಬರಬಹುದು. ಸದ್ಯಕ್ಕೆ ಅವರು ತಮ್ಮ ಮನೆಯಲ್ಲಿ ಬಾಡಿಗೆ ಇಲ್ಲದೆ ಇದ್ದಾರೆ. ಅವರಿಗೆ ಅವಸರ ಏಕಿರಬೇಕು? ಈಗ ಕೇಳುತ್ತಿರುವ 3 ಲಕ್ಷ ಬಹುಶಃ ಬಾಡಿಗೆ ಮನೆಯ ಡಿಪಾಜಿಟ್ಟಿಗೋ ಇನ್ನಾವುದೋ ಕೈಗಡಕ್ಕೋ ಇರಬೇಕು. ಅಮೆರಿಕದಲ್ಲಿ 2010ರಲ್ಲಿ ಶಾರ್ಟ್ ಸೇಲ್‌ಗೆಂದು ಸರಕಾರಿ ಯೋಜನೆ ಬಂದಾಗ ಮನೆ ಬಿಟ್ಟು ಹೋಗುವವರಿಗೆ ಸ್ಥಳಾಂತರಕ್ಕೆ 3,000 ಡಾಲರ್ ಇಟ್ಟಿದ್ದರು, ದಾನಕ್ಕಲ್ಲ, ಕೆಲಸ ಬೇಗ ಮುಗಿಯಲೆಂದು. ನೀವೂ ಸಾಗಾಟದ ಖರ್ಚಿಗೆ ಒಂದಿಷ್ಟು ಕೊಡುವುದಾಗಿ ಹೇಳಬಹುದು. ಆದರೆ ಕೊಡುವುದು ನೋಂದಣಿಯ ದಿನ, ಚೆಕ್ಕಿನಲ್ಲಿ, ಬ್ಯಾಂಕಿಗೂ ತಿಳಿಸಿ.

ಈಗಿರುವ ಕರಾರು ಪತ್ರದ ಅವಧಿ ಸೆಪ್ಟೆಂಬರ್‌ಗೇ ಮುಗಿದಿದೆ. ವಕೀಲರಿಂದ ಪೂರಕ ಕರಾರು ಬರೆಸಿ, ತಮ್ಮನ ಸಹಿಯೂ ಇರಲಿ. ಅದರಲ್ಲಿ ನನಗೆ ಮುಖ್ಯವಾಗಿ ಬೇಕಾದದ್ದು ಎರಡು: ಇನ್ನು ಮುಂದೆ ಒಂದು ರೂಪಾಯಿಯೂ ಮಾಲಕರ ಕೈಗಲ್ಲ, ಬ್ಯಾಂಕಿನ ನೋ ಲೀನ್ ಖಾತೆಗೆ, ಅರ್ಜಿ ತಿರಸ್ಕಾರವಾದರೆ ನಿಮಗೇ ವಾಪಸ್ ಬರುವಂತೆ. ಮತ್ತು ಏಪ್ರಿಲ್‌ನ ಒಂದು ದಿನಾಂಕ, ಅಷ್ಟರೊಳಗೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬರದಿದ್ದರೆ ಕರಾರು ರದ್ದು, 5 ಲಕ್ಷ ಇಂಥ ದಿನಕ್ಕೆ ವಾಪಸ್. ಮೂಲಪತ್ರಗಳನ್ನು ಬ್ಯಾಂಕು ಸಾಲಗಾರನಿಗೇ ಕೊಡುತ್ತದೆ, ನಿಮಗಲ್ಲ, ಆದ್ದರಿಂದ ನೇರ ನಿಮ್ಮ ಸಾಲದ ಕಡತಕ್ಕೆ ಸೇರಿಸಲು ಅಧಿಕಾರ ಪತ್ರ ಈಗಲೇ ಬರೆಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ದಾಖಲೆ ಕೊಡದ ಬ್ಯಾಂಕಿಗೆ ದಿನಕ್ಕೆ 5,000 ರೂಪಾಯಿ ದಂಡ ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಇದೆ. ನಿಮ್ಮ ಪ್ರಕರಣದಲ್ಲಿ ಸಾಲ ಪೂರ್ತಿ ತೀರುವುದಿಲ್ಲ, ಬರೀ ಮನೆ ಬಿಡುಗಡೆಯಾಗುತ್ತದೆ, ಹಾಗಾಗಿ ಆ ನಿಯಮದ ಮೇಲೆ ಭರವಸೆ ಇಡದೆ ದಾಖಲೆ ಕೊಡುವ ದಿನವನ್ನು ಒಪ್ಪಿಗೆ ಪತ್ರದಲ್ಲೇ ಕೇಳಿ. ಮಹಾನಗರ ಪಾಲಿಕೆಯ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಅದನ್ನು ಕಾಯುವ ಈ ವಾರಗಳಲ್ಲೇ ಮಾಡಿಸಿಟ್ಟರೆ ಕೊನೆಯಲ್ಲಿ ಅದೊಂದು ಹೊಸ ತಡ ಆಗುವುದಿಲ್ಲ.

ಇನ್ನು ಮೇಲಿನ ಮಹಡಿ. ಸ್ವಾಧೀನ ಕೊಟ್ಟು ಮಾಡಿದ ಕರಾರಿಗೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆ ಅಡವಿನ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) 13(2) ನೋಟಿಸು ಬಂದಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾಲಕರು ಆ ಮನೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಆ ನೋಟಿಸು ಬಂದಿದೆಯೇ ಎಂದು ಅವರನ್ನು ನೇರವಾಗಿ ಕೇಳಿ, ಉತ್ತರವನ್ನು ಪೂರಕ ಕರಾರಿನಲ್ಲಿ ಬರೆಸಿ. ನೋಟಿಸಿನ 60 ದಿನ ಕಳೆದರೆ ಬ್ಯಾಂಕು ಸ್ವಾಧೀನಕ್ಕೆ ಬರಬಹುದು, ಆಗ ಗೃಹಪ್ರವೇಶದ ತೋರಣ ಕಟ್ಟಿದ ಬಾಗಿಲಿಗೇ ನೋಟಿಸು ಅಂಟಿಸುತ್ತಾರೆ.

ನಿಮ್ಮ ಪತಿ ‘ಸುಮ್ಮನೆ ಹರಾಜಿನಲ್ಲಿ ಹಿಡಿದರಾಯಿತಲ್ಲ’ ಎಂದು ಕೇಳಬಹುದು, ಬಹಳ ಜನ ಕೇಳುತ್ತಾರೆ. ಕೂಗಿದ ದಿನ ಅಥವಾ ಮುಂದಿನ ಕೆಲಸದ ದಿನ ಶೇ 25, ಮಾರಾಟ ಖಾಯಂ ಆದ 15 ದಿನದಲ್ಲಿ ಉಳಿದ ಶೇ 75 ಕಟ್ಟಬೇಕು, ತಪ್ಪಿದರೆ ಕಟ್ಟಿದ್ದು ಹೋಯಿತು. ಮನೆ ಖಾಲಿ ಮಾಡಿಸುವುದು, ಪಾಲಿಕೆಯ ಕರ, ಹೆಸ್ಕಾಂನ ವಿದ್ಯುತ್ ಬಾಕಿ ಎಲ್ಲ ನಿಮ್ಮ ತಲೆಗೆ. ಮಾಲಕರು ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿಗೆ) ಹೋದರೆ ಬೆಂಗಳೂರಿಗೆ ಓಡಾಟ. ಸಂಬಳದ ಸಾಲ ನೆಚ್ಚಿದವರಿಗೆ ಹೇಳಿಮಾಡಿಸಿದ ದಾರಿ ಅಲ್ಲ.

ಯಾವಾಗ ಬಿಟ್ಟು ಬರಬೇಕು? ಹರಾಜಿನ ಪ್ರಕಟಣೆ ಬಂದ ದಿನ. 2016ರ ತಿದ್ದುಪಡಿಯ ನಂತರ ಸಾಲಗಾರನಿಗೆ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಆ ಪ್ರಕಟಣೆಯವರೆಗೆ ಮಾತ್ರ. ಸುಪ್ರೀಂ ಕೋರ್ಟು 2023ರಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಬಿಡಿಸಿಕೊಳ್ಳಲಾಗದವನು ನಿಮಗೆ ಮಾರುವುದೇನು. ಇನ್ನೊಂದು, ಈ ಮನೆಯ ಮೇಲೆ ಹಕ್ಕು ಕೇಳಿ ಬೇರೆ ಯಾರಾದರೂ ಎದ್ದು ಬಂದರೆ. ನಮ್ಮ ಜಿಲ್ಲೆಯಲ್ಲಿ ಪತ್ತಿನ ಸಂಘಗಳಿಗೆ ಬರವಿಲ್ಲ, ಕೈಗಡ ಕೊಟ್ಟವರು ಭದ್ರತೆಗೆಂದು ಅದೇ ಮನೆಯ ಮೇಲೆ ಬಾಂಡ್ ಪೇಪರಿನಲ್ಲಿ ಖರೀದಿ ಕರಾರು ಬರೆಸಿಕೊಳ್ಳುವ ರೂಢಿಯೂ ಇದೆ. ವಕೀಲರಿಂದ ಪತ್ರಿಕಾ ಜಾಹೀರು ನೋಟಿಸು ಕೊಡಿಸಿ, 15 ದಿನ ತಕರಾರಿಗೆ ಬಿಡಿ. ಕನ್ನಡ ಪತ್ರಿಕೆ ಒಂದರಲ್ಲೇ ಕೊಟ್ಟು ಕೈ ತೊಳೆಯಬೇಡಿ, ಶಹಾಪುರದಲ್ಲಿ ಮರಾಠಿ ಪತ್ರಿಕೆ ಓದುವವರು ಎಷ್ಟು ಮಂದಿ ಎಂದು ನಿಮಗೇ ಗೊತ್ತು.

ಬಿಡುವುದಾದರೆ 5 ಲಕ್ಷದ ಗತಿ? ಕೊಟ್ಟ ಮುಂಗಡಕ್ಕೆ ಆಸ್ತಿಯ ಮೇಲೆ ಕೊಳ್ಳುವವರಿಗೂ ಒಂದು ಹಕ್ಕು ಇದೆ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ವಕೀಲರು ಅದನ್ನು ತೋರಿಸಿ ಧೈರ್ಯ ಹೇಳಬಹುದು. ಆದರೆ ಅದು ಬ್ಯಾಂಕಿನ ಹಿಂದಿನ ಸಾಲಿನ ಹಕ್ಕು. 71 ಲಕ್ಷದವನು ಉಂಡೆದ್ದ ಮೇಲೆ 62 ಲಕ್ಷದ ಎಲೆಯಲ್ಲಿ ನಿಮಗೆ ಏನು ಉಳಿದೀತು? ಕೋರ್ಟಿಗೆ ಹೋಗಲು ಮೂರು ವರ್ಷದ ಕಾಲಮಿತಿ ಇದೆ, ಹೋದರೂ ನಿಮ್ಮದು ಫೌಂಡ್ರಿಯ ಗಳಿಕೆಯಿಂದ ತಿಂಗಳಿಗಿಷ್ಟು ಎಂದು ವಸೂಲಾಗುವ ದುಡ್ಡು. ಅದಕ್ಕೆ ಪೂರಕ ಕರಾರಿನಲ್ಲಿ ಜಾಮೀನುದಾರ ತಮ್ಮನ ಸಹಿ ಬೇಕು ಎಂದದ್ದು, ಅವನ ಮುಂದಿನ ದಿನಾಂಕದ ಚೆಕ್ಕು ಸಿಕ್ಕರೆ ಇನ್ನೂ ಒಳ್ಳೆಯದು.

ಯುಗಾದಿಗೆ ಹಾಲು ಉಕ್ಕಿಸುವ ಮಾತನ್ನು ಸದ್ಯಕ್ಕೆ ಮನೆಯಲ್ಲಿ ಎತ್ತಬೇಡಿ. ಈಗಿರುವ ಬಾಡಿಗೆ ಮನೆಯ ಕರಾರನ್ನು ಮತ್ತೆ 11 ತಿಂಗಳಿಗೆ ಮಾಡಿಸಿ, ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು ಎಂಬ ಸಾಲು ಸೇರಿಸಿಕೊಳ್ಳಿ. ಬ್ಯಾಂಕಿಗೆ ಹೋಗುವ ದಿನ ಮಾಲಕರನ್ನೂ ಕರೆದುಕೊಂಡೇ ಹೋಗಿ, ಬೆಳಿಗ್ಗೆ ಹತ್ತೂವರೆಗೆ, ಮತ್ತು ಅರ್ಜಿಯ ಎರಡನೇ ಪ್ರತಿಗೆ ದಿನಾಂಕದ ಸಮೇತ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.